ಆಗ್ಲೇ ಯಾಕೆ ಹೇಳ್ಲಿಲ್ಲ?

ಹೋದ ತಿಂಗಳು ನಮ್ಮಕ್ಕನ ಹೊಸ ಮನೆಯ ಗೃಹಪ್ರವೇಶ. ಹೋಮ ಮುಗಿದು, ಹಾಲು ಉಕ್ಕಿಸಿ, ಮೊದಲ ಪಂಕ್ತಿ ಎದ್ದು ಎರಡನೆಯದಕ್ಕೆ ಎಲೆ ಹಾಕುವ ಹೊತ್ತು. ಊರಿಂದ ಬಂದಿದ್ದ ಹಿರಿಯರೊಬ್ಬರು ಹಾಲ್‌ನಲ್ಲಿ ದಿವಾನದ ಮೇಲೆ ಕೂತಿದ್ದರು. ಸಂಬಂಧದಲ್ಲಿ ನನಗೆ ದೊಡ್ಡಪ್ಪ ಆಗಬೇಕು. ಅಮ್ಮ ಮೊಮ್ಮಗಳನ್ನು ಕರೆದು, "ಬಾರೇ, ತಾತನ ಕಾಲಿಗೆ ನಮಸ್ಕಾರ ಮಾಡು" ಅಂದರು.

ಅಕ್ಕನ ಮಗಳಿಗೆ ಈಗ ಇಪ್ಪತ್ತು. ಬಡಿಸಲು ಕೋಸಂಬರಿ ಪಾತ್ರೆ ಹಿಡಿದು ನಿಂತಿದ್ದಳು. "ನಾನು ಇವರ ಕಾಲಿಗೆ ಬೀಳಲ್ಲ ಅಜ್ಜಿ" ಅಂದಳು. ಅಮ್ಮ ನಗುತ್ತಲೇ, "ಈಗಿನ ಕಾಲದ ಮಕ್ಕಳು ನೋಡಿ" ಅಂತ ಅವರ ಕಡೆ ತಿರುಗಿ ಮಾತು ಮುಚ್ಚಲು ನೋಡಿದರು. ಹುಡುಗಿ ಬಿಡಲಿಲ್ಲ. "ಒಂಬತ್ತನೇ ಕ್ಲಾಸ್ ರಜಾದಲ್ಲಿ ಊರಿಗೆ ಹೋದಾಗ ಇವರು ನನ್ನ ಹತ್ರ ಹೇಗೆ ನಡ್ಕೊಂಡ್ರು ಅಂತ ಇವರನ್ನೇ ಕೇಳಿ" ಅಂದಳು. ದನಿ ಏರಿಸಲೂ ಇಲ್ಲ. ಪಾತ್ರೆಯನ್ನು ಪಕ್ಕದವರ ಕೈಗೆ ಕೊಟ್ಟು ಮಹಡಿ ಹತ್ತಿ ಹೋದಳು.

ಆಮೇಲೆ ನಡೆದದ್ದು ನಿಮ್ಮಲ್ಲಿ ಅನೇಕರಿಗೆ ಹೇಳದೆಯೇ ಗೊತ್ತಾಗುತ್ತೆ. ಭಾವ "ಫಂಕ್ಷನ್ ಮುಗೀಲಿ, ಆಮೇಲೆ ನೋಡೋಣ" ಅಂದರು. ಯಾರೋ ಟಿವಿ ಹಾಕಿದರು. ಅತ್ತಿಗೆಯೊಬ್ಬರು "ಅಷ್ಟು ವಯಸ್ಸಾದವರು ಹಾಗೆಲ್ಲ ಮಾಡ್ತಾರಾ?" ಅಂತ ಪಿಸುಗುಟ್ಟಿದರು. ದೊಡ್ಡಪ್ಪ ಮಾತ್ರ ಏನೂ ಆಗದವರಂತೆ ಎದ್ದು, ಕೈ ತೊಳೆದು, ಎಲೆ ಮುಂದೆ ಕೂತರು. ಅವರಿಗೆ ಪಾಯಸ ಬಡಿಸಿದ್ದು ನಾನೇ. ಕೈಯಲ್ಲಿ ಸೌಟಿತ್ತು, ಎಲೆ ಮುಂದಿತ್ತು, ಬಡಿಸಿದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಮಹಡಿಗೆ ಹೋದಾಗ ಅಕ್ಕ ಮಗಳ ಮುಂದೆ ಕೂತು ಅಳುತ್ತಿದ್ದಳು. ಅಳುತ್ತಲೇ ಕೇಳುತ್ತಿದ್ದಳು, "ಆಗ್ಲೇ ಯಾಕೆ ಹೇಳ್ಲಿಲ್ಲ? ಕೂಗ್ಕೊಳ್ಳೋದಲ್ವಾ? ಪಕ್ಕದ ರೂಮಲ್ಲೇ ಇದ್ನಲ್ಲೇ ನಾನು!" ನಾನೂ ಅದನ್ನೇ ಕೇಳಿದೆ. ಹುಡುಗಿ ನಮ್ಮಿಬ್ಬರ ಮುಖ ನೋಡಿ, "ನಿಮ್ಮಿಬ್ಬರಿಗೂ ನಿಜವಾಗ್ಲೂ ಗೊತ್ತಿರ್ಲಿಲ್ವಾ ಚಿಕ್ಕಮ್ಮಾ?" ಅಂದಳು.

ನನಗೆ ಗೊತ್ತಿತ್ತು.

ಈ ಅಂಕಣದಲ್ಲಿ ಸಾಮಾನ್ಯವಾಗಿ ಅಡುಗೆಮನೆ, ಮಕ್ಕಳ ಪರೀಕ್ಷೆ, ಬಾಲ್ಕನಿಯ ಗಿಡ ಅಂತ ಹರಟುವವಳು ನಾನು. ಈ ಸಲ ಕ್ಷಮಿಸಿ. ಹೆಸರು, ಊರು ಬಿಟ್ಟಿದ್ದೇನೆ. ಬರೆದದ್ದನ್ನು ಮೊದಲು ಓದಿದವಳು ಅಕ್ಕನ ಮಗಳು. ಎರಡು ಕಡೆ ಗೀಟು ಹಾಕಿ, ಉಳಿದದ್ದನ್ನು ಕಳಿಸಿ ಅಂದಳು.

1992ರಲ್ಲಿ ನನಗೆ ಹದಿಮೂರು. ಇದೇ ದೊಡ್ಡಪ್ಪ ಬಂದಾಗ ನಡೆದದ್ದನ್ನು ಅಮ್ಮನಿಗೆ ಹೇಳಿದ್ದೆ. ಹೇಳಿದ್ದೆ ಅನ್ನುವುದಕ್ಕಿಂತ, ಹೇಳಲು ಶಬ್ದ ಸಿಗದೆ "ದೊಡ್ಡಪ್ಪನ ಕೈ ಸರಿಯಿಲ್ಲಮ್ಮ" ಅಂದಿದ್ದೆ. ಅಮ್ಮ ಬೈಯಲಿಲ್ಲ, ಸುಳ್ಳು ಅನ್ನಲೂ ಇಲ್ಲ. "ಅವರು ಬಂದಾಗ ನೀನು ಅಡುಗೆಮನೇಲೇ ಇರು" ಅಂದರು, ಅಷ್ಟೆ. ಮುಂದಿನ ಏಳೆಂಟು ವರ್ಷ ಪ್ರತಿ ಹಬ್ಬ, ಪ್ರತಿ ತಿಥಿಯಲ್ಲಿ ನಾನು ಅಡುಗೆಮನೆಯಲ್ಲೇ ಇದ್ದೆ. ಹಾಗಾಗಿಯೇ ಎಲ್ಲರಿಗಿಂತ ಚೆನ್ನಾಗಿ ಒಬ್ಬಟ್ಟು ತಟ್ಟೋದು ಕಲಿತೆ! ಬಂದವರೆಲ್ಲ "ಹುಡುಗಿ ಎಷ್ಟು ಕೆಲಸವಂತೆ" ಅಂತ ಹೊಗಳುವಾಗ ಅಮ್ಮನಾಗಲಿ ನಾನಾಗಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಇಪ್ಪತ್ತಾರು ವರ್ಷದ ನಂತರ ಅಕ್ಕನ ಮಗಳು ರಜೆಗೆ ಊರಿಗೆ ಹೋದಾಗ ನಾನೇನು ಮಾಡಿದೆ? ಮೊದಲ ರಾತ್ರಿಯೇ ಅವಳ ಹಾಸಿಗೆಯನ್ನು ಪಡಸಾಲೆಯಿಂದ ಒಳಕೋಣೆಗೆ ಎಳೆದು, "ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ, ಇಲ್ಲೇ ಮಲಗು" ಅಂದೆ. ಯಾಕೆ ಅಂತ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ಮೂರನೇ ದಿನ ನನಗೆ ಕೆಲಸವಿತ್ತು, ಬೆಂಗಳೂರಿಗೆ ವಾಪಸ್ ಬಂದೆ. ನಡೆಯಬೇಕಾದ್ದು ಆಮೇಲೆ ನಡೆದಿದೆ.

ಆ ಹುಡುಗಿ ಕೂಗಲಿಲ್ಲ ಯಾಕೆ ಅನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ದೊಡ್ಡ ವಂಶಾವಳಿಯೇ ಇದೆ. ಗೃಹಪ್ರವೇಶದ ನಂತರದ ವಾರ ನಿದ್ದೆ ಬರದೆ ಹಳೆಯ ಮೊಕದ್ದಮೆಗಳ ಕಥೆ ಓದುತ್ತಾ ಕೂತೆ. ವಕೀಲೆಯಾಗಿರುವ ಗೆಳತಿಯೊಬ್ಬಳು ಕೆಲವು ತೀರ್ಪುಗಳನ್ನು ಕಳಿಸಿಕೊಟ್ಟಳು. ಓದುತ್ತಾ ಹೋದಂತೆ ನಮ್ಮ ಮಹಡಿಯ ಕೋಣೆಯ ಮಾತೇ ದೇಶದ ಅತಿ ಎತ್ತರದ ನ್ಯಾಯಾಲಯದಲ್ಲೂ ಕೇಳಿಸಿತು.

1972ರ ಮಾರ್ಚ್. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಹದಿನಾಲ್ಕರಿಂದ ಹದಿನಾರರೊಳಗಿನ ಆದಿವಾಸಿ ಹುಡುಗಿ, ಕೂಲಿ ಮಾಡಿ ಬದುಕುವವಳು. ಅವಳ ಅಣ್ಣ ಕೊಟ್ಟ ದೂರಿನ ವಿಚಾರಣೆಗೆಂದು ಎಲ್ಲರನ್ನೂ ಠಾಣೆಗೆ ಕರೆಸಿದ್ದರು. ರಾತ್ರಿ ಹೊರಡುವಾಗ ಉಳಿದವರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನು ನಿಲ್ಲಿಸಿಕೊಂಡರು. ಮನೆಯವರು ಹೊರಗೆ ಕಾಯುತ್ತಿದ್ದರು. ಒಳಗೆ ಇಬ್ಬರು ಪೊಲೀಸರು. ಮುಂದೆ ಇದು ಮಥುರಾ ಪ್ರಕರಣ ಅಂತಲೇ ಹೆಸರಾಯಿತು.

ಸೆಷನ್ಸ್ ಕೋರ್ಟು ಆ ಹುಡುಗಿಗೆ ಮೊದಲೇ ಗಂಡಸಿನ ಸಂಗ ಇತ್ತು, ಹಾಗಾಗಿ ಒಪ್ಪಿಯೇ ಇದ್ದಳು ಅಂದು ಇಬ್ಬರನ್ನೂ ಬಿಟ್ಟಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನು ತಿರುಗಿಸಿ ಶಿಕ್ಷೆ ಕೊಟ್ಟಿತು. ಹೆದರಿ ಸುಮ್ಮನಾಗುವುದೇ ಬೇರೆ, ಒಪ್ಪುವುದೇ ಬೇರೆ ಅಂತ ಬಿಡಿಸಿ ಹೇಳಿತು. ಆದರೆ 1978ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಇಬ್ಬರನ್ನೂ ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಅವಳು ಪ್ರತಿಭಟಿಸಿದ್ದಕ್ಕೆ ಸಾಕ್ಷಿಯಿಲ್ಲ, ಕೂಗಿಕೊಂಡೆ ಅನ್ನುವುದನ್ನು ನಂಬಲಾಗದು, ಮನೆಯವರು ಹೊರಗೇ ಇದ್ದರಲ್ಲ, ಅವರನ್ನು ಕರೆಯಬಹುದಿತ್ತಲ್ಲ. ತೀರ್ಪಿನ ಧಾಟಿ ಇದು.

'ಪಕ್ಕದ ರೂಮಲ್ಲೇ ಇದ್ನಲ್ಲೇ ನಾನು!' ಅಂದಳಲ್ಲ ಅಕ್ಕ. ಅದೇ ಮಾತು.

ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು, ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಂವಾರ್ ಮತ್ತು ರಘುನಾಥ ಕೇಳ್ಕರ್, ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಠಾಣೆಯೊಳಗೆ, ಯೂನಿಫಾರ್ಮ್ ತೊಟ್ಟ ಇಬ್ಬರ ನಡುವೆ ಸಿಕ್ಕಿಬಿದ್ದ ಎಳೆ ಹುಡುಗಿ ಯಾರನ್ನು ಕೂಗಿ ಕರೆಯಬೇಕಿತ್ತು ಅನ್ನುವುದು ಅವರ ಪ್ರಶ್ನೆಯ ಸಾರ. ಕಷ್ಟ ಬಂದರೆ ಕರೆಯಬೇಕಾದ್ದು ಪೊಲೀಸರನ್ನು. ಅವಳೆದುರು ಇದ್ದವರೇ ಪೊಲೀಸರು. ಆ ಪತ್ರದಿಂದ ಊರೂರಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ, ಸರ್ಕಾರಿ ನೌಕರರ, ಆಸ್ಪತ್ರೆ ಸಿಬ್ಬಂದಿಯ ವಶದಲ್ಲಿದ್ದ ಹೆಣ್ಣು ನ್ಯಾಯಾಲಯದಲ್ಲಿ 'ನಾನು ಒಪ್ಪಿರಲಿಲ್ಲ' ಅಂದರೆ ಮೊದಲು ಅವಳ ಮಾತನ್ನು ನಂಬಬೇಕು, ಹಾಗಲ್ಲ ಅಂತ ತೋರಿಸುವ ಹೊಣೆ ಆರೋಪಿಯದ್ದು ಎಂದಾಯಿತು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ ಎಂದಾದದ್ದೂ ಆಗಲೇ. ಆ ಇಬ್ಬರು ಪೊಲೀಸರಿಗೆ ಮಾತ್ರ ಅದರಿಂದ ಏನೂ ಆಗಲಿಲ್ಲ.

ಇದನ್ನು ಓದುವಾಗ ಒಂದು ವಿಷಯ ನನಗೆ ಹೊಳೆಯಿತು. ದೊಡ್ಡ ಸಂಗತಿಯೇನಲ್ಲ, ಆದರೂ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಕೂಗೋದು ಅಂದರೆ ಯಾರನ್ನೋ ಕೂಗೋದು. ನಮ್ಮ ಮನೆಯಲ್ಲಿ ಯಾರಿಗಾದರೂ ಅನ್ಯಾಯವಾದರೆ ಪಂಚಾಯಿತಿ ಮಾಡುತ್ತಿದ್ದವರೇ ಆ ದೊಡ್ಡಪ್ಪ.

ಅವರ ಬಗ್ಗೆ ಸ್ವಲ್ಪ ಹೇಳಬೇಕು. ನೀವು ಅಂದುಕೊಳ್ಳುವ ಸಿನಿಮಾ ಖಳನಾಯಕನ ಹಾಗಲ್ಲ. ಅಪ್ಪನಿಗೆ ಕೆಲಸ ಕೊಡಿಸಿದವರು. ಅಕ್ಕನ ಮದುವೆ ಸಾಲಕ್ಕೆ ಜಾಮೀನು ನಿಂತವರು. ಊರಿನ ಜಮೀನಿನ ಪಾಲುಪತ್ರ ಅವರ ಮರದ ಪೆಟ್ಟಿಗೆಯಲ್ಲಿತ್ತು. ಗಂಡು ನೋಡುವುದಿರಲಿ, ಹೆಸರಿಡುವುದಿರಲಿ, ಅವರ ಮಾತಿಲ್ಲದೆ ನಡೆಯುತ್ತಿರಲಿಲ್ಲ. ಮೆಲ್ಲಗೆ ಮಾತಾಡುವವರು, ಏಕಾದಶಿ ಉಪವಾಸ ತಪ್ಪಿಸದವರು. ಎಲ್ಲರಿಗೂ ಅವರ ಋಣ ಇತ್ತು. ಪುರುಷಪ್ರಧಾನ ವ್ಯವಸ್ಥೆ ಅಂತ ಭಾಷಣಗಳಲ್ಲಿ ಕೇಳಿದಾಗ ನನಗೆ ಅದು ಎಲ್ಲೋ ದೂರದ ಮಾತು ಅನ್ನಿಸುತ್ತಿತ್ತು. ಈಗ ಆ ಮರದ ಪೆಟ್ಟಿಗೆ ಕಣ್ಣಿಗೆ ಕಟ್ಟುತ್ತೆ.

ಮೊನ್ನೆ ಅಮ್ಮನ ಹತ್ತಿರ ಈ ಬಗ್ಗೆ ಮಾತಾಡಿದೆ. ಮಾತಾಡಿದೆ ಅನ್ನುವುದಕ್ಕಿಂತ ಜಗಳವಾಡಿದೆ. "ನಾನು ಹೇಳಿದಾಗ ನಂಬಿದ್ಯಲ್ಲಮ್ಮ, ಆದ್ರೂ ಯಾಕೆ ಸುಮ್ನಿದ್ದೆ?" ಅಂದೆ. ಅಮ್ಮ ತುಂಬಾ ಹೊತ್ತು ಸೊಪ್ಪು ಬಿಡಿಸುತ್ತಲೇ ಇದ್ದರು. ಆಮೇಲೆ, "ಬಾಯಿ ಬಿಟ್ಟಿದ್ರೆ ನಿಮ್ಮಿಬ್ರನ್ನೂ ಕಟ್ಕೊಂಡು ಎಲ್ಲಿಗೆ ಹೋಗ್ಬೇಕಿತ್ತು ಹೇಳು? ತವರಲ್ಲಿ ನನಗೇನಿತ್ತು?" ಅಂದರು. ನಿಜ, ಏನೂ ಇರಲಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ. ಕರ್ನಾಟಕದ ಆ ಕಾನೂನು ಅದಕ್ಕೂ ಮೊದಲೇ ಮದುವೆಯಾದ ಅಮ್ಮನಂಥವರನ್ನು ಹೊರಗೇ ಇಟ್ಟಿತ್ತು. ಆಸ್ತಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ನಮ್ಮಮ್ಮನನ್ನು ಕೇಳಿ.

ನನ್ನ ಹತ್ತಿರ ಆ ನೆಪವೂ ಇಲ್ಲ. ನನಗೆ ಕೆಲಸವಿದೆ, ಸಂಬಳವಿದೆ, ಬೆಂಗಳೂರಿನಲ್ಲಿ ಸ್ವಂತ ಮನೆಯಿದೆ. ಆದರೂ ನಾನು ಹಾಸಿಗೆ ಮಾತ್ರ ಎಳೆದೆ.

ನಾನು ಮೊದಲ ಸಲ ಅಮ್ಮನಿಗೆ ಹೇಳಿದ ಅದೇ 1992ರಲ್ಲಿ ರಾಜಸ್ಥಾನದಲ್ಲಿ ಒಬ್ಬ ಹೆಂಗಸು ಸುಮ್ಮನಿರಲಿಲ್ಲ. ಜೈಪುರದ ಹತ್ತಿರದ ಭಟೇರಿ ಗ್ರಾಮದ ಭನ್ವರಿ ದೇವಿ. ಕುಂಬಾರರ ಮನೆಯವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ಕೆಲಸ ಮಾಡುತ್ತಿದ್ದರು. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. ಊರಿನ ಬಲಾಢ್ಯ ಜಾತಿಯ ಮನೆಯೊಂದರಲ್ಲಿ ಇನ್ನೂ ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಲು ಹೊರಟಾಗ ತಡೆಯಲು ಹೋದರು. ಪೊಲೀಸರೂ ಬಂದರು, ಹೋದರು, ಮದುವೆ ಹೇಗೂ ನಡೆಯಿತು. ಸೇಡು ಮಾತ್ರ ಉಳಿಯಿತು. ಸೆಪ್ಟೆಂಬರ್ 22ರ ಸಂಜೆ ಗಂಡ ಹೆಂಡತಿ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಐವರು ಬಂದು ಗಂಡನನ್ನು ಬಡಿದು ಕೆಡವಿದರು, ಅವರ ಮೇಲೆ ಅತ್ಯಾಚಾರ ನಡೆಯಿತು ಎಂಬುದು ಭನ್ವರಿ ಕೊಟ್ಟ ದೂರು.

ಅವರು ಕೂಗಿದ್ದರು. ದೂರು ಕೊಟ್ಟರು. ಮೂವತ್ತು ವರ್ಷವಾದರೂ ಮಾತು ಬದಲಿಸಲಿಲ್ಲ. 'ಆಗ್ಲೇ ಹೇಳ್ಬೇಕಿತ್ತು' ಅನ್ನುವವರಿಗೆ ಬೇಕಾದ್ದನ್ನೆಲ್ಲ ಮಾಡಿದರು. ಏನು ಸಿಕ್ಕಿತು? ವೈದ್ಯಕೀಯ ಪರೀಕ್ಷೆ ಆದದ್ದು ಎರಡು ದಿನ ಕಳೆದ ಮೇಲೆ. ಉಟ್ಟಿದ್ದ ಲಂಗವನ್ನು ಸಾಕ್ಷ್ಯಕ್ಕೆ ಬಿಟ್ಟುಹೋಗು ಅಂದರು ಪೊಲೀಸರು. ಗಂಡನ ರುಮಾಲಿನ ಬಟ್ಟೆ ಸುತ್ತಿಕೊಂಡು ರಾತ್ರಿಯಲ್ಲಿ ಹೊರಟರು. ಊರಲ್ಲಿ ಬಹಿಷ್ಕಾರ. ಅವರು ಮಾಡಿದ ಮಡಕೆ ಕೊಳ್ಳುವವರಿಲ್ಲ. 1995ರಲ್ಲಿ ಸೆಷನ್ಸ್ ನ್ಯಾಯಾಲಯ ಐವರನ್ನೂ ಅತ್ಯಾಚಾರದ ಆರೋಪದಿಂದ ಬಿಟ್ಟಿತು.

ಬಿಟ್ಟದ್ದಕ್ಕೆ ಕೊಟ್ಟ ಕಾರಣಗಳನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ನಡೆದು ಬಂದೆ. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟಿ ಮೈಲಿಗೆ ಮಾಡಿಕೊಳ್ಳಲಾರರು. ಚಿಕ್ಕಪ್ಪ ಮತ್ತು ಅಣ್ಣನ ಮಗ ಒಟ್ಟಿಗೆ ಇಂಥ ಕೆಲಸ ಮಾಡಲಾರರು. ಗಂಡ ಕಣ್ಣೆದುರಿಗೇ ನಡೆಯುವುದನ್ನು ನೋಡಿಕೊಂಡು ಇರಲಾರ. ಇವರೆಲ್ಲ ವಯಸ್ಸಾದ, ಮರ್ಯಾದಸ್ಥ ಜನ. ಅಂದರೆ ಅವರು ಮಾಡಿಲ್ಲ ಅನ್ನುವುದಕ್ಕೆ ಆಧಾರ, ಅವರು ಯಾರು ಎಂಬುದೇ! ಗೃಹಪ್ರವೇಶದ ದಿನ ನಮ್ಮತ್ತಿಗೆ ಪಿಸುಗುಟ್ಟಿದ್ದನ್ನು ನ್ಯಾಯಾಲಯ ಷರಾ ಬರೆದು, ಮೊಹರು ಹಾಕಿ ಕೊಟ್ಟ ಹಾಗಿತ್ತು.

ಈ ತೀರ್ಪಿನಿಂದ ಎದ್ದ ಸಿಟ್ಟು ದೇಶದ ಹೆಣ್ಣುಮಕ್ಕಳಿಗೆಲ್ಲ ಉಪಕಾರ ಮಾಡಿತು. ಕೆಲಸ ಮಾಡಲು ಹೋದದ್ದಕ್ಕೆ ಹೀಗಾಯಿತಲ್ಲ ಎಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್‌ನಲ್ಲಿ ವಿಶಾಖಾ ತೀರ್ಪು ಬಂತು. 2013ರಲ್ಲಿ ಅದೇ ಕಾಯ್ದೆಯಾಯಿತು. ಇವತ್ತು ನಿಮ್ಮ ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಆಂತರಿಕ ದೂರು ಸಮಿತಿಯವರ ಹೆಸರು, ಫೋನ್ ನಂಬರ್ ಅಂಟಿಸಿದ್ದರೆ ಅದು ಭನ್ವರಿ ದೇವಿಯ ಕೊಡುಗೆ. ನಮ್ಮ ಆಫೀಸಿನಲ್ಲೂ ಇದೆ. ವರ್ಷಕ್ಕೊಮ್ಮೆ ಟ್ರೈನಿಂಗ್ ಕೊಡುತ್ತಾರೆ, ಎಲ್ಲರೂ ಮೊಬೈಲ್ ನೋಡುತ್ತಾ ಕೂತಿರುತ್ತೇವೆ. ಭನ್ವರಿಯ ಮೇಲ್ಮನವಿ ಮಾತ್ರ ಹೈಕೋರ್ಟಿನಲ್ಲಿ ದಶಕಗಳ ಕಾಲ ಕೊಳೆಯಿತು. ಆರೋಪಿಗಳಲ್ಲಿ ಕೆಲವರು ಅಷ್ಟರಲ್ಲಿ ತೀರಿಯೂ ಹೋದರು.

ಹಳೆ ಕಥೆ, ಉತ್ತರ ಭಾರತದ ಕಥೆ ಅನ್ನಬೇಡಿ. 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಘಟನೆಯ ನಂತರ ಸುಸ್ತಾಗಿ ನಿದ್ದೆ ಹೋದೆ ಅಂದ ದೂರುದಾರಳ ಮಾತಿಗೆ, ಭಾರತೀಯ ಹೆಣ್ಣಿಗೆ ಇದು ತಕ್ಕದ್ದಲ್ಲ ಎಂಬರ್ಥದ ಸಾಲು ಬಂದಿತ್ತು. ರಾತ್ರಿ ಹೊತ್ತು ಆಫೀಸಿಗೆ ಯಾಕೆ ಹೋದಳು ಅನ್ನುವುದೂ ಇತ್ತು. ಗಲಾಟೆಯಾಗಿ ಕೆಲವೇ ದಿನದಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಅದೇ ಹೈಕೋರ್ಟು 2022ರ ಮಾರ್ಚ್‌ನಲ್ಲಿ, ಹೆಂಡತಿಯ ಮೇಲೆ ಗಂಡ ನಡೆಸಿದರೂ ಅತ್ಯಾಚಾರ ಅತ್ಯಾಚಾರವೇ ಎಂದು, ಗಂಡನೊಬ್ಬನ ಮೇಲಿನ ಆ ಆರೋಪ ರದ್ದು ಮಾಡಲು ಒಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. ಕಾನೂನು ಪುಸ್ತಕದಲ್ಲಿ ಗಂಡನಿಗಿರುವ ವಿನಾಯಿತಿ 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಹಾಗೇ ಮುಂದುವರಿದಿದೆ. ಹೆಂಡತಿಗೆ ಹದಿನೆಂಟು ತುಂಬಿರಬೇಕು, ಅಷ್ಟೆ.

ಇದನ್ನೆಲ್ಲ ನಮ್ಮ ಯಜಮಾನರಿಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಸರಿ, ಆದ್ರೆ ಎಲ್ಲಾ ಗಂಡಸರೂ ಹಾಗಿರಲ್ಲ ಅಲ್ವಾ" ಅಂದರು. ಇರಲ್ಲ. ಒಪ್ಪಿದೆ. ಅವರೇ ಹಾಗಿಲ್ಲ, ನಮ್ಮಪ್ಪ ಹಾಗಿರಲಿಲ್ಲ, ಭಾವ ಹಾಗಿಲ್ಲ. ನಮ್ಮ ವಂಶದಲ್ಲಿ ಅಷ್ಟೊಂದು ಗಂಡಸರ ನಡುವೆ ಹಾಗಿದ್ದವರು ಒಬ್ಬರೇ. ಆದರೆ ಆ ಒಬ್ಬರಿಗಾಗಿ ಎಷ್ಟು ಜನ ಎಷ್ಟು ವರ್ಷ ಎಷ್ಟೆಲ್ಲ ಜೋಡಿಸಿಕೊಂಡೆವು ನೋಡಿ. ಯಾರು ಎಲ್ಲಿ ಮಲಗಬೇಕು, ಯಾರು ಬಚ್ಚಲಿಗೆ ಹೋಗುವಾಗ ಜೊತೆಗಿರಬೇಕು, ಯಾರು ಯಾವ ಹಬ್ಬಕ್ಕೆ 'ಪರೀಕ್ಷೆ ಇದೆ' ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳಬೇಕು. ಅವರು ಮಾತ್ರ ಏನನ್ನೂ ಬದಲಿಸಿಕೊಳ್ಳಬೇಕಾಗಿ ಬರಲಿಲ್ಲ. ಮಾಡಿದ್ದು ಒಬ್ಬರು, ನಿಭಾಯಿಸಿದ್ದು ಇಡೀ ಮನೆ.

ನಗುವುದೂ ನಿಭಾಯಿಸುವುದರಲ್ಲಿ ಸೇರುತ್ತೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ನಡೆಯುವಾಗ ವಿಧಾನಸಭೆಯಲ್ಲಿ, ಹಿಂದೆ ಸಭಾಧ್ಯಕ್ಷರೂ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಅವರು, ಅತ್ಯಾಚಾರ ತಪ್ಪಿಸಲಾಗದಿದ್ದರೆ ಅನುಭವಿಸಬೇಕು ಎಂಬರ್ಥದ ಹಳೆಯ ಮಾತೊಂದನ್ನು ತಮಾಷೆಗೆ ಬಳಸಿದರು. ಚರ್ಚೆಯಿದ್ದದ್ದು ಮಳೆಯಿಂದಾದ ಹಾನಿಯ ಬಗ್ಗೆ! ಸಭಾಧ್ಯಕ್ಷರ ಪೀಠದಲ್ಲಿದ್ದವರೂ ನಕ್ಕರು. ಮರುದಿನ ಅವರು ಸದನದಲ್ಲೇ ಕ್ಷಮೆ ಕೇಳಿದರು. ಕ್ಷಮೆ ಕೇಳಿದ್ದು ಒಬ್ಬರು, ನಕ್ಕವರದ್ದು ಲೆಕ್ಕಕ್ಕೆ ಬರಲಿಲ್ಲ. ಆ ವಿಡಿಯೊವನ್ನು ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಯಾರೋ ಹಾಕಿದ್ದರು. ನಗುವ ಮುಖದ ಇಮೋಜಿಗಳು ಬಿದ್ದವು. ಆಗ ಅಕ್ಕನ ಮಗಳು ಆ ಗ್ರೂಪಿನಲ್ಲಿದ್ದಳು. ಒಂದು ವಾರದಲ್ಲಿ ಗ್ರೂಪ್ ಬಿಟ್ಟಳು. "ಈ ಕಾಲದ ಮಕ್ಕಳಿಗೆ ನಾವು ಬೇಡ" ಅಂದುಕೊಂಡೆವು.

ದ್ರೌಪದಿಯ ಕಥೆ ನೆನಪಾಗದೇ ಇರುವುದು ಹೇಗೆ. ನಮ್ಮಲ್ಲಿ ದುಶ್ಶಾಸನನನ್ನು ಬೈಯುವವರಿಗೆ ಬರವಿಲ್ಲ. ಆದರೆ ಅವಳು ಪ್ರಶ್ನೆ ಕೇಳಿದ್ದು ಸಭೆಯಲ್ಲಿದ್ದ ಹಿರಿಯರನ್ನು. ಧರ್ಮ ಬಹಳ ಸೂಕ್ಷ್ಮ ಎಂದು ಭೀಷ್ಮರು ಜಾರಿಕೊಂಡರು. ಎದ್ದು ಮಾತಾಡಿದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನಿಗೆ, ನೀನಿನ್ನೂ ಹುಡುಗ, ನಿನಗೇನು ಗೊತ್ತು ಅಂತ ಬಾಯಿ ಮುಚ್ಚಿಸಿದ್ದು ಕರ್ಣ. ಮೊನ್ನೆ ಅಮ್ಮ ಮೊಮ್ಮಗಳಿಗೆ ಅಂದದ್ದೂ ಇದೇ: "ನಿಂಗೇನೇ ಗೊತ್ತು, ಚಿಕ್ಕವಳು."

ಅಂಕಿಅಂಶ ಬೇಕಾದವರಿಗೆ ಎರಡು ಮಾತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣ 31,516. ಇಂಥ ಪ್ರಕರಣಗಳಲ್ಲಿ ವರ್ಷ ವರ್ಷವೂ ಶೇ 90ಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಗೊತ್ತಿದ್ದವನೇ: ಮನೆಯವನು, ನೆಂಟ, ನೆರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ಮಗಳು ರಾತ್ರಿ ಹೊರಗೆ ಹೋದರೆ ಹತ್ತು ಸಲ ಫೋನ್ ಮಾಡುವ ನಾವು ಅವಳನ್ನು ಹಬ್ಬಕ್ಕೆ ನೆಂಟರ ಮನೆಗೆ ಬಿಟ್ಟು ನೆಮ್ಮದಿಯಾಗಿ ಮಲಗುತ್ತೇವೆ. ಇನ್ನೊಂದು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಗಂಡ ಹೆಂಡತಿಗೆ ಹೊಡೆಯುವುದಕ್ಕೆ ಯಾವುದಾದರೂ ಒಂದು ಕಾರಣ ಸರಿಯಿರಬಹುದು ಅಂದವರು ಕರ್ನಾಟಕದ ಹೆಂಗಸರಲ್ಲಿ ನಾಲ್ಕರಲ್ಲಿ ಮೂರು ಜನಕ್ಕೂ ಹೆಚ್ಚು. ಹೌದು, ಹೆಂಗಸರಲ್ಲಿ. ಕೇಳಿದ ಕಾರಣಗಳ ಪಟ್ಟಿಯಲ್ಲಿ ಅಡುಗೆ ಸರಿಯಾಗಿ ಮಾಡದಿರುವುದು, ಅತ್ತೆ ಮಾವಂದಿರಿಗೆ ಮರ್ಯಾದೆ ಕೊಡದಿರುವುದರ ಜೊತೆಗೆ ಹಾಸಿಗೆಯಲ್ಲಿ ಬೇಡ ಅನ್ನುವುದೂ ಇತ್ತು. ಹಾಗಾಗಿ ಗಂಡಸರನ್ನು ಒಂದು ಕಡೆ, ಹೆಂಗಸರನ್ನು ಇನ್ನೊಂದು ಕಡೆ ನಿಲ್ಲಿಸಿ ಈ ವಿಷಯ ಬರೆಯಲು ನನ್ನಿಂದಾಗುತ್ತಿಲ್ಲ. ಆ ಕಡೆ ನಾನೂ ನಿಂತಿದ್ದೆ.

ಕಾನೂನು ಎಷ್ಟೋ ಮುಂದೆ ಹೋಗಿದೆ. ದೂರುದಾರಳ ಹಿಂದಿನ ನಡತೆಯನ್ನು ಎಳೆದು ತಂದು ಅವಳ ಮಾತು ಸುಳ್ಳು ಅನ್ನಲು ಇದ್ದ ದಾರಿಯನ್ನು 2003ರಲ್ಲಿ ಮುಚ್ಚಿದರು. 2013ರ ತಿದ್ದುಪಡಿಯಲ್ಲಿ, ದೈಹಿಕವಾಗಿ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಳು ಎಂದು ತಿಳಿಯುವ ಹಾಗಿಲ್ಲ ಎಂದು ಸ್ಪಷ್ಟವಾಗಿ ಬರೆದರು. ಮಥುರಾ ಪ್ರಕರಣ ನಡೆದು ನಲವತ್ತೊಂದು ವರ್ಷವಾಗಿತ್ತು. 'ಕೂಗಬೇಕಿತ್ತು' ಅನ್ನುವ ಮಾತು ಕಾನೂನಿನ ಪುಸ್ತಕದಿಂದ ಹೊರಗೆ ಹೋಯಿತು. ಮನೆಯ ಮಹಡಿ ಕೋಣೆಯಿಂದ ಹೋಗಿಲ್ಲ.

ಇನ್ನು ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. ಹದಿನೆಂಟು ತುಂಬದವರಿಗೆ ಸಂಬಂಧಿಸಿದಂತೆ 'ಒಪ್ಪಿದ್ದರಾ' ಅನ್ನುವ ಪ್ರಶ್ನೆಯೇ ಅಲ್ಲಿ ಇಲ್ಲ. ಗೆಳತಿ ಇನ್ನೊಂದು ಕಲಮು ತೋರಿಸಿದಳು. ಮಗುವಿನ ಮೇಲೆ ಅಪರಾಧ ನಡೆದದ್ದು ಗೊತ್ತಿದ್ದವರು, ನಡೆಯಬಹುದು ಎಂಬ ಆತಂಕ ಇದ್ದವರು, ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ಗೊತ್ತಿದ್ದೂ ತಿಳಿಸದಿದ್ದರೆ ಅದೂ ಅಪರಾಧ. ನಾನು ಅದನ್ನು ಎರಡು ಸಲ ಓದಿದೆ. "ನಡೆಯಬಹುದು ಅಂತ ನಿನಗೆ ಅನ್ನಿಸಿತ್ತಲ್ವಾ? ಹಾಸಿಗೆ ಯಾಕೆ ಎಳೆದೆ ಮತ್ತೆ?" ಅಂದಳು ಗೆಳತಿ, ವಕೀಲರ ದನಿಯಲ್ಲಿ. ನಿಮ್ಮ ಮನೆಯಲ್ಲೂ ಯಾರಾದರೂ ಸದ್ದಿಲ್ಲದೆ ಹಾಸಿಗೆ ಎಳೆಯುತ್ತಿದ್ದರೆ ದಯವಿಟ್ಟು ಯಾಕೆ ಅಂತ ಕೇಳಿ. ಮಕ್ಕಳ ಸಹಾಯವಾಣಿ 1098. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟಿದ್ದೇನೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ.

ದೂರು ಕೊಡಬೇಕೋ ಬೇಡವೋ ಎಂದು ಅಕ್ಕನ ಮಗಳು ಇನ್ನೂ ತೀರ್ಮಾನಿಸಿಲ್ಲ. ಗೆಳತಿಯ ಜೊತೆ ಎರಡು ಸಲ ಮಾತಾಡಿದ್ದಾಳೆ. ಕೊಟ್ಟರೆ ಮೊದಲ ಸಾಕ್ಷಿಯಾಗಿ ನಾನು ಬರುತ್ತೇನೆ, 1992ರಿಂದ ಶುರುಮಾಡಿ ಹೇಳುತ್ತೇನೆ, ನಾನು ಮಾಡದೇ ಬಿಟ್ಟಿದ್ದನ್ನೂ ಸೇರಿಸಿ ಅಂತ ಮಾತು ಕೊಟ್ಟಿದ್ದೇನೆ. "ನೋಡೋಣ ಚಿಕ್ಕಮ್ಮ" ಅಂದಳು. ಅವಳ ದನಿಯಲ್ಲಿ ನಂಬಿಕೆ ಪೂರ್ತಿ ಇರಲಿಲ್ಲ. ಇರಬೇಕು ಅಂತ ಕೇಳುವ ಹಕ್ಕು ನನಗೂ ಇಲ್ಲ. ಭಾವ ಈಗ ಬದಲಾಗಿದ್ದಾರೆ. ಫಂಕ್ಷನ್ ಮುಗಿದ ಮೂರನೇ ದಿನ ಒಬ್ಬರೇ ಊರಿಗೆ ಹೋಗಿ, ದೊಡ್ಡಪ್ಪನಿಗೆ ಇನ್ನು ಮುಂದೆ ನಮ್ಮ ಮನೆಗೆ ಬರಬೇಡಿ ಅಂತ ಮುಖದ ಮೇಲೆ ಹೇಳಿ ಬಂದರು. ಊರಿನವರು ಭಾವನಿಗೆ ಆಸ್ತಿ ಆಸೆ, ಅದಕ್ಕೆ ಹೀಗೆ ಕಥೆ ಕಟ್ಟಿದ್ದಾರೆ ಅಂತ ಮಾತಾಡಿಕೊಳ್ಳುತ್ತಿದ್ದಾರಂತೆ.

ಮುಂದಿನ ತಿಂಗಳು ಅದೇ ಊರಲ್ಲಿ ನಮ್ಮ ಸೋದರಸಂಬಂಧಿಯೊಬ್ಬಳ ಮಗಳ ಮದುವೆ. ಪತ್ರಿಕೆಯಲ್ಲಿ 'ಆಶೀರ್ವದಿಸುವ ಹಿರಿಯರು' ಅಂತ ಮೊದಲ ಹೆಸರೇ ದೊಡ್ಡಪ್ಪನದು. ಚಪ್ಪರದ ದಿನದಿಂದಲೇ ಮನೆ ತುಂಬ ಚಿಕ್ಕ ಹೆಣ್ಣುಮಕ್ಕಳಿರುತ್ತಾರೆ. ಅಕ್ಕ ಎರಡು ದಿನ ಒದ್ದಾಡಿ, ಕೊನೆಗೆ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗೊತ್ತು ಕಣಕ್ಕ. ಅದಕ್ಕೇ ಅವರಿಗೆ ಛತ್ರದಲ್ಲಿ ಬೇರೆ ರೂಮ್ ಮಾಡಿದೀವಿ" ಅಂದಳಂತೆ.

"ರೂಮ್ ಅಲ್ಲ ಕಣೇ, ಅವರನ್ನ ಕರೀಲೇಬೇಡ" ಅಂದಿದ್ದಾಳೆ ಅಕ್ಕ. ಮನೇಲಿ ಕೇಳಿ ಹೇಳ್ತೀನಿ ಅಂದವಳು ಇನ್ನೂ ಫೋನ್ ಮಾಡಿಲ್ಲ.